ಒಬ್ಬಳೇ ಇಡೀ ರಾತ್ರಿ ಯಕ್ಷಗಾನ ಆಟ ನೋಡಲು ಹೋಗುವುದು ಹೇಗೆ? (ಉಡುಪಿ–ಕುಂದಾಪುರ–ಮಂಗಳೂರು ಕಡೆ)

ದಾವಣಗೆರೆ_ಮಿರ್ಚಿ · ಸೋಮವಾರ, ರಾತ್ರಿ 8:52

ಕೆಲಸದ ಮೇಲೆ ಮಣಿಪಾಲಕ್ಕೆ ಬಂದಿದ್ದೇನೆ. ಯಕ್ಷಗಾನವನ್ನು ಮೊಬೈಲಿನಲ್ಲಿ ತುಂಡು ತುಂಡಾಗಿ ನೋಡಿದ್ದು ಬಿಟ್ಟರೆ ಗದ್ದೆಯಲ್ಲಿ ಕೂತು ನೋಡಿಲ್ಲ. ಆಫೀಸಿನವರನ್ನು ಕರೆದರೆ "ಬೆಳಗಿನ ತನಕ ಕೂರೋದಾ?" ಅಂತಾರೆ, ಯಾರೂ ಬರುವಂತೆ ಕಾಣಲ್ಲ. ಹಾಗಾಗಿ ಒಬ್ಬಳೇ ಹೋಗಬೇಕು. ಕರೆಯದೇ ಇರುವವರ ಮನೆಯ ಹರಕೆ ಆಟಕ್ಕೆ ಹೋಗಬಹುದಾ? ಎಲ್ಲಿ ಕೂರಬೇಕು, ಬೆಳಗ್ಗೆ ವಾಪಸ್ ಹೇಗೆ ಬರಬೇಕು? ಸ್ಕೂಟಿ ಇದೆ. ಧೈರ್ಯ ತುಂಬುವ ಮಾತಿಗಿಂತ ಸರಿಯಾದ ಮಾಹಿತಿ ಕೊಟ್ಟರೆ ಉಪಕಾರ.

ಗದ್ದೆಬದು · ರಾತ್ರಿ 9:20

ಮೊದಲು ಆಟದಲ್ಲಿ ಎರಡು ಬಗೆ ಅಂತ ತಿಳ್ಕೊಳ್ಳಿ. ಹೋಗುವ ಕ್ರಮ ಎರಡಕ್ಕೂ ಬೇರೆ.

ಒಂದು ಹರಕೆ ಆಟ, ಅಂದರೆ ಸೇವಾ ಬಯಲಾಟ. ಕಟೀಲು, ಮಂದಾರ್ತಿಯಂಥ ದೇವಸ್ಥಾನದ ಮೇಳಗಳನ್ನು (ಯಕ್ಷಗಾನ ತಂಡಗಳನ್ನು) ಯಾವುದೋ ಮನೆಯವರೋ ಊರಿನವರೋ ಹರಕೆ ಹೊತ್ತು ಆಡಿಸುತ್ತಾರೆ. ಇದಕ್ಕೆ ಟಿಕೆಟ್ ಇಲ್ಲ, ಗೇಟಿಲ್ಲ. ಕರೆಯೋಲೆ ಇಲ್ಲದವರು ಬಂದರೆ ಯಾರೂ ಕೇಳುವುದಿಲ್ಲ, ಜನ ಸೇರಿದಷ್ಟೂ ಹರಕೆ ಮನೆಯವರಿಗೆ ಸಂತೋಷ. ರಾತ್ರಿ ಊಟವೂ ಸಾಮಾನ್ಯವಾಗಿ ಎಲ್ಲರಿಗೂ ಇರುತ್ತದೆ. ಏಳೂವರೆಯಿಂದ ಒಂಬತ್ತೂವರೆ ಒಳಗೆ ಸಾಲಿನಲ್ಲಿ ನಿಂತು ಊಟ ಮಾಡಿ, ಸಂಕೋಚ ಬೇಡ. ಹತ್ತು ದಾಟಿದರೆ ಅನ್ನ ಸಾರು ಸಿಕ್ಕೀತು, ಪಾಯಸ ಸಿಗಲಿಕ್ಕಿಲ್ಲ.

ಇನ್ನೊಂದು ಡೇರೆ ಮೇಳದ ಆಟ. ಸಾಲಿಗ್ರಾಮ, ಪೆರ್ಡೂರು ಮೇಳಗಳು ಈ ಜಾತಿಯವು. ಟಿಕೆಟ್ ತೆಗೆದುಕೊಂಡು ಒಳಗೆ ಹೋಗಬೇಕು, ದುಡ್ಡಿಗೆ ತಕ್ಕ ಕುರ್ಚಿ.

ಹುಡುಕುವುದಕ್ಕೆ: ಕರಾವಳಿಯ ಪತ್ರಿಕೆಗಳಲ್ಲಿ ದಿನಾ ಇಂದಿನ ಯಕ್ಷಗಾನದ ಪಟ್ಟಿ ಬರುತ್ತದೆ. ಯಾವ ಮೇಳ, ಯಾವ ಊರು, ಯಾವ ಪ್ರಸಂಗ (ಆಡುವ ಕಥೆ) ಅಂತ. ಕಟೀಲು, ಮಂದಾರ್ತಿಯವು ಒಂದೊಂದೇ ಮೇಳ ಅಲ್ಲ, ಹಲವು. ಒಂದೇ ರಾತ್ರಿ ಬೇರೆ ಬೇರೆ ಊರಿನಲ್ಲಿ ಆಡುತ್ತಿರುತ್ತವೆ. ಪದ ಹಾಡುವ ಇಷ್ಟದ ಭಾಗವತರನ್ನೋ ವೇಷಧಾರಿಯನ್ನೋ ನೋಡಲೆಂದೇ ಹೋಗುವವರು ಮೇಳದ ಹೆಸರಿನ ಜೊತೆ ಎಷ್ಟನೇ ಮೇಳ ಅಂತಲೂ ನೋಡಬೇಕು. ಇಲ್ಲದಿದ್ದರೆ ಇಪ್ಪತ್ತು ಕಿಲೋಮೀಟರ್ ಹೋಗಿ ಬೇರೆಯವರ ಪದ ಕೇಳಿ ಬರುತ್ತೀರಿ.

ಜಾಗ ಹುಡುಕುವುದೇ ನಿಜವಾದ ಕಷ್ಟ. ಆಟದ ಕರೆಯೋಲೆಯ ಕಾಗದದಲ್ಲಿ "ಮನೆಯ ಬಾಕಿಮಾರು ಗದ್ದೆಯಲ್ಲಿ" (ಮನೆ ಎದುರಿನ ಗದ್ದೆ) ಅಂತಷ್ಟೇ ಇರುತ್ತದೆ, ಮ್ಯಾಪಿಗೆ ಆ ಮನೆ ಗೊತ್ತಿರುವುದಿಲ್ಲ. ಹತ್ತಿರದ ಶಾಲೆಗೋ ದೈವಸ್ಥಾನಕ್ಕೋ ಮ್ಯಾಪ್ ಹಾಕಿ ಹೋಗಿ, ಅಲ್ಲಿಂದ ಮುಂದೆ ಟ್ಯೂಬ್‌ಲೈಟ್ ಸಾಲು ನೋಡಿಕೊಂಡು ಹೋದರೆ ಆಯ್ತು. ಎಂಟು ಗಂಟೆಯೊಳಗೆ ತಲುಪಿದರೆ ದಾರಿ ಕೇಳಲು ಅಂಗಡಿ ತೆರೆದಿರುತ್ತದೆ, ಹತ್ತಕ್ಕೆ ಹೋದರೆ ನಾಯಿಗಳನ್ನೇ ಕೇಳಬೇಕು.

ಬಡಗಿನವ · ರಾತ್ರಿ 9:41

ಹೊರಡುವ ಮುಂಚೆ ಇನ್ನೊಂದು ಖಾತ್ರಿ ಮಾಡ್ಕೊಳ್ಳಿ: ಇಡೀ ರಾತ್ರಿಯದ್ದಾ, ಕಾಲಮಿತಿಯದ್ದಾ. ಧರ್ಮಸ್ಥಳ ಮೇಳದ್ದು ಈಗ ಕಾಲಮಿತಿ, ಸಂಜೆ ಏಳರ ಹೊತ್ತಿಗೆ ಶುರುವಾಗಿ ನಡುರಾತ್ರಿಗೆ ಮಂಗಳ ಹಾಡುತ್ತಾರೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಅನುಮತಿಯ ಪ್ರಶ್ನೆ ಬಂದಲ್ಲಿ ಬೆಳಗಿನ ತನಕ ಅಂದಿದ್ದ ಆಟವೂ ಬೇಗ ಮುಗಿಯಬಹುದು. ಒಬ್ಬರೇ ಹೋದವರಿಗೆ ಇದೇ ದೊಡ್ಡ ಫಜೀತಿ. ಬೆಳಗಿನ ಬಸ್ಸು ನಂಬಿ ಹೋಗಿರುತ್ತೀರಿ, ಆಟ ಹನ್ನೆರಡೂವರೆಗೆ ಮುಗಿದು ಗದ್ದೆ ಖಾಲಿಯಾದರೆ ಐದೂವರೆ ತನಕ ಎಲ್ಲಿರುವುದು? ಕಾಗದದಲ್ಲಿರುವ ನಂಬರಿಗೆ ಆ ದಿನ ಮಧ್ಯಾಹ್ನ ಫೋನ್ ಮಾಡಿ "ಆಟ ಎಷ್ಟು ಗಂಟೆಗೆ ಮುಗೀತದೆ?" ಅಂತ ಕೇಳಿ. ಎಲ್ಲರೂ ಕೇಳುತ್ತಾರೆ.

ಕೋಡಂಗಿ_ಕುಣಿತ · ರಾತ್ರಿ 9:58

ಅಷ್ಟೆಲ್ಲ ಬೇಡ ಮಾರಾಯ್ರೆ. ಊಟ ಮಾಡಿ ಮನೇಲಿ ಮಲಗಿ, ಹನ್ನೆರಡಕ್ಕೆ ಎದ್ದು ಹೋಗಿ. ಮುಖ್ಯ ಭಾಗವತರು ಕೂರುವುದೇ ಆಮೇಲೆ. ಕಥೆಗೆ ಮುಂಚಿನ ಪೂರ್ವರಂಗ ಯಾರು ನೋಡ್ತಾರೆ?

ನಿಶಾಚರಿ · ರಾತ್ರಿ 10:15

ಕೋಡಂಗಿಯವರೇ, ನಿಮ್ಮ ಊರಲ್ಲಿ ನಿಮಗೆ ಅದು ಸರಿ. ಊರಿಗೆ ಹೊಸಬಳಾದ ಹೆಣ್ಣುಮಗಳಿಗೆ ಹನ್ನೆರಡಕ್ಕೆ ಗೊತ್ತಿಲ್ಲದ ಗದ್ದೆ ಹುಡುಕಿಕೊಂಡು ಹೋಗು ಅನ್ನುವುದು ಬೇಡ. ಒಬ್ಬರೇ ಹೋಗುವವರು ಬೆಳಕಿದ್ದಾಗ, ಇಲ್ಲವೇ ಚೌಕಿಪೂಜೆ (ಬಣ್ಣ ಹಚ್ಚುವ ಚೌಕಿಯಲ್ಲಿ ಆಟಕ್ಕೆ ಮುಂಚೆ ಆಗುವ ಪೂಜೆ) ಹೊತ್ತಿಗೆ ತಲುಪಬೇಕು. ಆಗ ಗಾಡಿ ಎಲ್ಲಿ ನಿಲ್ಲಿಸಿದೆವು, ರಸ್ತೆ ಎಲ್ಲಿ, ಶೌಚಾಲಯ ಎಲ್ಲಿ ಅಂತ ಮೂರೂ ನೋಡಿಟ್ಟುಕೊಳ್ಳಬಹುದು.

ಮಿರ್ಚಿ ಅವರೇ, ಕೂರುವ ಜಾಗದ ಲೆಕ್ಕ ಹೇಳ್ತೇನೆ. ಮುಂದಿನ ಎರಡು ಮೂರು ಸಾಲು ಹರಕೆ ಮನೆಯವರಿಗೆ, ಅತಿಥಿಗಳಿಗೆ. ಅಲ್ಲಿ ಕೂತರೆ ಸಭಾ ಕಾರ್ಯಕ್ರಮದ ಹೊತ್ತಿಗೆ ಎಬ್ಬಿಸುತ್ತಾರೆ. ಅದರ ಮುಂದೆ ನೆಲದಲ್ಲಿ ಚಾಪೆ ಹಾಕಿ ಮಕ್ಕಳು. ನಿಮಗೆ ಐದರಿಂದ ಎಂಟನೇ ಸಾಲು ಒಳ್ಳೇದು. ಅಜ್ಜಿ, ಮಕ್ಕಳು ಎಲ್ಲ ಇರುವ ಒಂದು ಸಂಸಾರದ ಪಕ್ಕ, ಸಾಲಿನ ತುದಿಯಿಂದ ಎರಡನೇ ಅಥವಾ ಮೂರನೇ ಕುರ್ಚಿ. ತೀರಾ ತುದಿಯದು ಬೇಡ, ರಾತ್ರಿಯಿಡೀ ಜನ ಓಡಾಡುತ್ತಾರೆ, ನಿದ್ದೆಗಣ್ಣಿನವರು ಮೇಲೆ ಬೀಳ್ತಾರೆ. ತೀರಾ ನಡುವೆಯೂ ಬೇಡ, ಎದ್ದು ಹೋಗಲು ಹತ್ತು ಜನರ ಕಾಲು ದಾಟಬೇಕು.

ಕೂತ ಕೂಡಲೇ ಪಕ್ಕದ ಅಜ್ಜಿಯನ್ನು "ಇವತ್ತು ಯಾವ ಪ್ರಸಂಗ ಅಮ್ಮ?" ಅಂತ ಕೇಳಿ. ನಿಮಗೆ ಗೊತ್ತಿದ್ದರೂ ಕೇಳಿ. ಆಮೇಲೆ ನೀವು ಚಾ ಕುಡಿಯಲು ಹೋದಾಗ ಕುರ್ಚಿ ಕಾಯುವವರು ಅವರೇ. ಒಬ್ಬರೇ ಹೋದವರು ಒಂಟಿತನಕ್ಕೆ ಹೆದರುತ್ತಾರೆ, ಆದರೆ ಆಟದಲ್ಲಿ ಎಲ್ಲರ ಮುಖ ರಂಗಸ್ಥಳದ ಕಡೆಗಿರುತ್ತದೆ, ನಿಮ್ಮನ್ನು ನೋಡಲು ಯಾರಿಗೂ ಪುರುಸೊತ್ತಿಲ್ಲ. ತಾಪತ್ರಯ ಇರುವುದು ಕುರ್ಚಿ, ಚೀಲ, ನಿದ್ದೆ, ವಾಪಸ್ ದಾರಿ ಈ ನಾಲ್ಕರಲ್ಲಿ.

ಶೌಚಾಲಯ: ಹರಕೆ ಆಟವಾದರೆ ಮನೆಯ ಹೆಂಗಸರನ್ನು ನೇರ ಕೇಳಿ, ಒಳಗೆ ಕರೆದುಕೊಂಡು ಹೋಗುತ್ತಾರೆ. ಶಾಲೆ ಮೈದಾನದಲ್ಲಿ ಆಟ ಇದ್ದರೆ ಶಾಲೆಯದ್ದಕ್ಕೆ ಬೀಗ ತೆಗೆದಿದ್ದಾರಾ ಅಂತ ಎಂಟು ಗಂಟೆಗೇ ನೋಡಿ. ಡೇರೆ ಆಟದಲ್ಲಿ ಇದು ದುರ್ಬಲ. ಮೊದಲ ಸಲಕ್ಕೆ ಡೇರೆಗಿಂತ ಮನೆ ಹತ್ತಿರದ ಅಥವಾ ದೇವಸ್ಥಾನದ ಎದುರಿನ ಹರಕೆ ಆಟವೇ ಸರಿ ಅನ್ನಲು ಇದೂ ಒಂದು ಕಾರಣ.

ಅಂಗಡಿ ಸಾಲಿನ ಕೊನೆಗೆ, ಬೆಳಕು ಮುಗಿಯುವಲ್ಲಿ ಜುಗಾರಿ ನಡೆಯುವುದುಂಟು. ಆ ಕಡೆ ಗಾಡಿ ನಿಲ್ಲಿಸಬೇಡಿ. ಯಾರಾದರೂ ಕಿರಿಕಿರಿ ಮಾಡಿದರೆ ಎದ್ದು ಬೇರೆ ಕಡೆ ಕೂರುವ ಬದಲು ನೇರ ಸ್ವಯಂಸೇವಕರ ಹತ್ತಿರ ಹೋಗಿ, ಬ್ಯಾಡ್ಜ್ ಹಾಕಿಕೊಂಡು ಊಟದ ಕಡೆ ಇರುತ್ತಾರೆ. ಅದಕ್ಕೂ ಮೀರಿದರೆ 112.

ದಾವಣಗೆರೆ_ಮಿರ್ಚಿ · ರಾತ್ರಿ 10:31

ನಿಶಾಚರಿ ಅಕ್ಕ, ಇದೇ ಬೇಕಿತ್ತು. ಶನಿವಾರ ಕಟೀಲು ಮೇಳದ "ಶ್ರೀದೇವಿ ಮಹಾತ್ಮೆ" ಇದೆ, ಇಲ್ಲಿಂದ 18 ಕಿ.ಮೀ. ಮೊದಲ ಸಲಕ್ಕೆ ಅದು ಆಗಬಹುದಾ? ಯಾವಾಗ ಏನು ಬರುತ್ತೆ ಅಂತ ಗೊತ್ತಾದರೆ ನಡುವೆ ಸ್ವಲ್ಪ ಕಣ್ಣು ಮುಚ್ಚಬಹುದು.

ಕೇಳಿಬಡಿತ · ರಾತ್ರಿ 11:04

ಮೊದಲ ಸಲಕ್ಕೆ ಅದಕ್ಕಿಂತ ಒಳ್ಳೆಯ ಪ್ರಸಂಗ ಇಲ್ಲ. ಕಥೆ ಗೊತ್ತಿರುತ್ತದೆ, ವೇಷ ಬಹಳ, ಒಂದು ಗಂಟೆ ನಿದ್ದೆ ಹೋದರೂ ದಾರ ತಪ್ಪುವುದಿಲ್ಲ.

ಸುಮಾರು ಲೆಕ್ಕ ಹೀಗೆ. ಏಳರಿಂದ ಎಂಟರೊಳಗೆ ಚೌಕಿಪೂಜೆ. ಆಮೇಲೆ ಕೇಳಿ ಬಡಿಯುತ್ತಾರೆ. ಆಟ ಉಂಟು ಅಂತ ಊರಿಗೆ ಸಾರುವ ಚೆಂಡೆ ಮದ್ದಳೆ ಅದು. ನಂತರ ಪೂರ್ವರಂಗ: ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ. ಇದರಲ್ಲಿ ಹಾಡುವವರು ಕಲಿಯುತ್ತಿರುವ ಭಾಗವತರು, ಕುಣಿಯುವವರು ಹೆಚ್ಚಾಗಿ ಹುಡುಗರು. ಪ್ರಸಂಗ ಹಿಡಿಯುವಾಗ ಹತ್ತರ ಆಸುಪಾಸು. ಮೊದಲು ಮಧು-ಕೈಟಭರು, ಹನ್ನೆರಡರಿಂದ ಒಂದೂವರೆಯೊಳಗೆ ಮಹಿಷಾಸುರ, ಮುಂದೆ ಚಂಡ-ಮುಂಡರು, ರಕ್ತಬೀಜ, ಬೆಳಗಿನ ಜಾವಕ್ಕೆ ಶುಂಭ-ನಿಶುಂಭರು. ಬೆಳಕು ಹರಿಯುವಾಗ ಮಂಗಳ. ಆ ದಿನದ ಓಟದ ಮೇಲೆ ಅರ್ಧ ಗಂಟೆ ಅತ್ತಿತ್ತ.

ನಿದ್ದೆ ತಡೆಯುವುದಕ್ಕೆ ಚಾ ಒಂದೇ ಸಾಲದು. ಶನಿವಾರ ಮಧ್ಯಾಹ್ನ ಒಂದೂವರೆಯಿಂದ ನಾಲ್ಕರವರೆಗೆ ಮಲಗಿ. ರಾತ್ರಿ ಊಟ ಅರ್ಧ ಹೊಟ್ಟೆ. ಎಲ್ಲರಿಗೂ ಕಣ್ಣು ಎಳೆಯುವುದು ಮಹಿಷ ವಧೆ ಮುಗಿದ ಮೇಲೆ, ಎರಡರಿಂದ ಮೂರೂವರೆ ನಡುವೆ. ಮಲಗುವುದಿದ್ದರೆ ಆವಾಗಲೇ ಇಪ್ಪತ್ತು ನಿಮಿಷ, ಮೊಬೈಲಿನಲ್ಲಿ ಅಲಾರಂ ವೈಬ್ರೇಷನ್ನಿಗೆ ಇಟ್ಟು ಅಂಗೈಯಲ್ಲಿ ಹಿಡ್ಕೊಂಡು. ರಕ್ತಬೀಜನ ಮಾತುಗಾರಿಕೆ ತಪ್ಪಿಸಿಕೊಳ್ಳಬೇಡಿ, ಒಳ್ಳೆ ಅರ್ಥ (ಪದದ ಮೇಲೆ ಆಡುವ ಮಾತು) ಹೇಳುವ ಕಲಾವಿದರಿಗೆ ಆ ವೇಷ ಕೊಡುವುದು. ಹನ್ನೊಂದಕ್ಕೇ ಚಾ ಕುಡಿಯುತ್ತ ಹೋದರೆ ಮೂರು ಗಂಟೆಗೆ ಅದು ಕೆಲಸ ಮಾಡುವುದಿಲ್ಲ. ಮೊದಲ ಚಾ ಒಂದು ಗಂಟೆ ಮೇಲೆ ಇರಲಿ.

ತೆಂಕಣಗಾಳಿ · ರಾತ್ರಿ 11:26

ಮಹಿಷಾಸುರನ ಬಗ್ಗೆ ಒಂದು ಎಚ್ಚರಿಕೆ. ಆ ವೇಷ ರಂಗಸ್ಥಳದ ಹಿಂದಿನಿಂದ ಬರುವುದಲ್ಲ. ಪ್ರೇಕ್ಷಕರ ಹಿಂದಿನಿಂದ, ಕುರ್ಚಿಗಳ ನಡುವಿನ ದಾರಿಯಲ್ಲಿ, ದೊಂದಿ (ಪಂಜು) ಹಿಡಿದವರ ಜೊತೆ ಆರ್ಭಟಿಸುತ್ತಾ ಬರುತ್ತದೆ. ದೊಂದಿಗೆ ರಾಳದ ಹುಡಿ ಎಸೆದಾಗ ಬೆಂಕಿ ಆಳೆತ್ತರ ಭಗ್ಗೆಂದು ಏಳುತ್ತದೆ, ಕಿಡಿ ಉದುರುತ್ತದೆ. ನಡುದಾರಿಯ ಅಂಚಿನ ಕುರ್ಚಿಯಲ್ಲಿದ್ದರೆ ಕಾಲು, ಚೀಲ, ಶಾಲು ಒಳಗೆಳೆದುಕೊಳ್ಳಿ. ನೈಲಾನ್ ಜಾಕೆಟ್, ಪಾಲಿಯೆಸ್ಟರ್ ಶಾಲು ಆ ಸಾಲಿಗೆ ಬೇಡ, ಕಿಡಿ ಬಿದ್ದಲ್ಲಿ ತೂತಾಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿಯದೋ ಉಣ್ಣೆಯದೋ ಇರಲಿ. ಉಬ್ಬಸ ಇರುವವರು ರಾಳದ ಹೊಗೆಯಿಂದ ದೂರ, ಗಾಳಿ ಬರುವ ಬದಿಗೆ ಕೂರಬೇಕು.

ಆ ಹೊತ್ತಿಗೆ ಎಲ್ಲರೂ ಮೊಬೈಲ್ ಎತ್ತಿ ನಿಲ್ಲುತ್ತಾರೆ, ಹಿಂದಿನವರಿಗೆ ಏನೂ ಕಾಣುವುದಿಲ್ಲ. ನೀವು ನಿಲ್ಲಬೇಡಿ ಅಂತ ಹೇಳಿದರೆ ಪ್ರಯೋಜನ ಇಲ್ಲ, ಗೊತ್ತು. ಫ್ಲಾಶ್ ಆದರೂ ಹಾಕಬೇಡಿ, ಅಷ್ಟು ಭಾರದ ಕಿರೀಟ ಹೊತ್ತು ಮೆಟ್ಟಿಲು ಹತ್ತುವವರ ಕಣ್ಣಿಗೆ ಹೊಡೆಯುತ್ತದೆ.

ಬಡಗಿನವ · ರಾತ್ರಿ 11:40

ಧ್ವನಿವರ್ಧಕದ ಪೆಟ್ಟಿಗೆಗಳ ನೇರಕ್ಕೂ ಕೂರಬೇಡಿ. ಎರಡೂ ಬದಿಯ ಪೆಟ್ಟಿಗೆಗಳ ನಡುವೆ, ಸ್ವಲ್ಪ ಹಿಂದೆ ಇದ್ದರೆ ಭಾಗವತರ ಸಾಹಿತ್ಯ ಸ್ಪಷ್ಟ ಕೇಳುತ್ತದೆ. ಪೆಟ್ಟಿಗೆಯ ಎದುರಿಗಿದ್ದರೆ ಚೆಂಡೆ ಬಿಟ್ಟು ಬೇರೇನೂ ಕೇಳದು, ಬೆಳಗ್ಗೆ ಕಿವಿ ಗುಂಯ್ ಅನ್ನುತ್ತದೆ. ಸ್ಪಂಜಿನ ಇಯರ್‌ಪ್ಲಗ್ ಒಂದು ಜೊತೆ ಕಿಸೆಯಲ್ಲಿರಲಿ. ಯುದ್ಧದ ಕುಣಿತಕ್ಕೆ ಹಾಕಿ, ಮಾತಿಗೆ ತೆಗೆಯಿರಿ.

ಮೆಕ್ಯಾನಿಕ್_ಮಾಮ · ಮಂಗಳವಾರ, ಬೆಳಗ್ಗೆ 6:48

ಸ್ಕೂಟಿ ವಿಷಯ ಯಾರೂ ಮಾತಾಡಲಿಲ್ಲ. ಆಟಕ್ಕೆ ಹೋಗುವುದರಲ್ಲಿ ಅಪಾಯ ಅಂತ ಇದ್ದರೆ ಅದು ಬೆಳಗ್ಗೆ ಆರಕ್ಕೆ ವಾಪಸ್ ಬರುವ ದಾರಿ. ಇಡೀ ರಾತ್ರಿ ನಿದ್ದೆಗೆಟ್ಟವರಿಗೆ ತಂಪು ಗಾಳಿ ಮುಖಕ್ಕೆ ಬಡಿದರೆ ಎಚ್ಚರ ಇದ್ದಂತೆ ಅನ್ನಿಸುತ್ತದೆ, ಆದರೆ ಎರಡು ಮೂರು ಸೆಕೆಂಡ್ ಕಣ್ಣು ಮುಚ್ಚಿದ್ದು ಅವರಿಗೇ ಗೊತ್ತಾಗುವುದಿಲ್ಲ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡ್ ಅಂದರೆ 33 ಮೀಟರ್. ಹೆದ್ದಾರಿ 66ರಲ್ಲಿ ಆ ಹೊತ್ತಿಗೆ ಮೀನಿನ ಲಾರಿ, ಬೆಂಗಳೂರಿಂದ ಬಂದ ಬಸ್ಸು, ಎಲ್ಲರೂ ಅವಸರದಲ್ಲಿರುತ್ತಾರೆ.

ಆದ್ದರಿಂದ ಎರಡು ದಾರಿ. ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬನ್ನಿ, ಇದು ಉತ್ತಮ. ರಾತ್ರಿ ಹಳ್ಳಿಯಲ್ಲೇ ನಿಲ್ಲುವ ಹಾಲ್ಟ್ ಬಸ್ಸು ಬೆಳಗ್ಗೆ ಮೊದಲು ಹೊರಡುತ್ತದೆ. ಸಂಜೆ ಹೋಗುವಾಗಲೇ ಕಂಡಕ್ಟರನ್ನು "ನಾಳೆ ಫಸ್ಟ್ ಟ್ರಿಪ್ ಎಷ್ಟೊತ್ತಿಗೆ, ಎಲ್ಲಿಂದ?" ಅಂತ ಕೇಳಿ. ಭಾನುವಾರ ಕೆಲವು ಟ್ರಿಪ್ ಇರುವುದಿಲ್ಲ, ಅದನ್ನೂ ಕೇಳಿ. ಇಲ್ಲವೇ ಸ್ಕೂಟಿಯಲ್ಲಿ ಹೋಗಿ, ಮಂಗಳ ಆದ ಮೇಲೆ ಅಲ್ಲೇ ಕುರ್ಚಿಯಲ್ಲಿ ಅರ್ಧ ಗಂಟೆ ಮಲಗಿ, ಮುಖ ತೊಳೆದು, ತಿಂಡಿ ತಿನ್ನುವ ಮುಂಚೆ ಹೊರಡಿ. ತಿಂಡಿ ತಿಂದರೆ ನಿದ್ದೆ ಜಾಸ್ತಿ. ಕುರ್ಚಿ ಎತ್ತುವವರು ಎಬ್ಬಿಸಿದರೆ ಮನೆ ಜಗಲಿ ಕೇಳಿ, ಇಲ್ಲ ಅನ್ನುವುದಿಲ್ಲ.

ಗಾಡಿ ನಿಲ್ಲಿಸುವಾಗ ಮುಖ ರಸ್ತೆ ಕಡೆಗೆ ತಿರುಗಿಸಿ ನಿಲ್ಲಿಸಿ. ಗದ್ದೆ ಮೆತ್ತಗಿರುತ್ತದೆ, ಸೈಡ್ ಸ್ಟ್ಯಾಂಡ್ ಹೂತು ಗಾಡಿ ಬೀಳುತ್ತದೆ. ಕೆಳಗೆ ಚಪ್ಪಟೆ ಕಲ್ಲೋ ತೆಂಗಿನ ಮಟ್ಟೆಯ ತುಂಡೋ ಇಡಿ. ಬೆಳಗ್ಗೆ ಸೀಟು ಇಬ್ಬನಿಯಿಂದ ಒದ್ದೆ, ಒಂದು ಬಟ್ಟೆ ತುಂಡು ಡಿಕ್ಕಿಯಲ್ಲಿರಲಿ.

ಗದ್ದೆಬದು · ಬೆಳಗ್ಗೆ 7:30

ಇಬ್ಬನಿ ಅಂದದ್ದು ಸರಿ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕರಾವಳಿಯ ಚಳಿ ನಿಮ್ಮ ಬಯಲುಸೀಮೆಯವರಿಗೆ ಚಳಿಯೇ ಅಲ್ಲ. ಆದರೆ ಮೂರು ಗಂಟೆ ಮೇಲೆ ನೆತ್ತಿ, ಹೆಗಲು ಒದ್ದೆಯಾಗುತ್ತದೆ. ಸ್ವೆಟರಿಗಿಂತ ತಲೆಗೊಂದು ಶಾಲು ಮುಖ್ಯ. ಕೊಯ್ಲಾದ ಗದ್ದೆಯ ಕೂಳೆ ಚುಚ್ಚುತ್ತದೆ, ಹಿಮ್ಮಡಿ ಮುಚ್ಚುವ ಚಪ್ಪಲಿ ಹಾಕಿ. ಪ್ಲಾಸ್ಟಿಕ್ ಕುರ್ಚಿಯ ಹಿಂದಿನ ಕಾಲು ಹೂತು ಮಲಗಿದವರು ಮಗುಚುವುದುಂಟು, ಕೂರುವ ಮುಂಚೆ ಒಮ್ಮೆ ಒತ್ತಿ ನೋಡಿ. ಸೊಳ್ಳೆಗೆ ಬಯಲಿನಲ್ಲಿ ಕಾಯಿಲ್ ದಂಡ, ಗಾಳಿಗೆ ಹೊಗೆ ನಿಲ್ಲುವುದಿಲ್ಲ. ಮುಲಾಮು ಹಚ್ಚಿ, ಕಾಲಿನ ಮಣಿಕಟ್ಟಿಗೆ ಮರೆಯದೆ.

ಚೀಲ ಸಣ್ಣದಿರಲಿ, ಮಡಿಲಲ್ಲಿ ಇಟ್ಟುಕೊಳ್ಳುವಷ್ಟು. ನೀರು ಒಂದು ಲೀಟರ್, ಟಾರ್ಚ್, ಪವರ್ ಬ್ಯಾಂಕ್, ಇನ್ನೂರು ರೂಪಾಯಿ ಚಿಲ್ಲರೆ. ನೂರಾರು ಜನ ಲೈವ್ ಮಾಡುವಲ್ಲಿ ನೆಟ್‌ವರ್ಕ್ ಕೂತುಬಿಡುತ್ತದೆ, ಚರ್ಮುರಿ ಅಂಗಡಿಯ ಕ್ಯೂಆರ್ ಕೋಡ್ ಇದ್ದೂ ಇಲ್ಲದಂತೆ.

ಕೋಡಂಗಿ_ಕುಣಿತ · ಬೆಳಗ್ಗೆ 8:05

ನನ್ನ ಹೆಸರೇ ಕೋಡಂಗಿ, ಪೂರ್ವರಂಗ ಬೇಡ ಅಂದದ್ದು ನಾನೇ! ಹೋಗಲಿ, ನಿಶಾಚರಿ ಅಕ್ಕ ಹೇಳಿದ್ದು ಒಪ್ಪಿದೆ. ಗೋಳಿಬಜೆ ಮಾತ್ರ ಬಿಸಿ ಇರುವುದು ಹನ್ನೊಂದರ ಒಳಗೆ, ಆಮೇಲೆ ಅದೇ ಎಣ್ಣೆ.

ದಾವಣಗೆರೆ_ಮಿರ್ಚಿ · ಮಧ್ಯಾಹ್ನ 1:12

ಬಸ್ಸು ಅಂತ ತೀರ್ಮಾನಿಸಿದೆ. ಚೌಕಿಗೆ ಹೋಗಿ ಬಣ್ಣ ಹಚ್ಚುವುದನ್ನು ನೋಡಬಹುದಾ? ಒಬ್ಬಳೇ ಹೋದರೆ ಸರಿ ಕಾಣುತ್ತಾ? ಅದೂ ಅಲ್ಲದೆ ತುಳು ಬರಲ್ಲ ನನಗೆ.

ಚೌಕಿಪಕ್ಕ · ಮಧ್ಯಾಹ್ನ 2:40

ನೋಡಬಹುದು. ಚಪ್ಪಲಿ ಹೊರಗೆ ಬಿಡಿ. ಒಳಗೆ ದೇವರಿದೆ, ಪೂಜೆ ನಡೆಯುವ ಜಾಗ. ಕಲಾವಿದರು ಎರಡೂ ಬದಿ ಸಾಲಾಗಿ ಕೂತಿರುತ್ತಾರೆ, ಯಾರು ಎಲ್ಲಿ ಕೂರಬೇಕು ಅನ್ನುವುದಕ್ಕೆ ಕ್ರಮ ಇದೆ. ಹಾಗಾಗಿ ನಡುವೆ ಕೂರಬೇಡಿ, ಬಾಗಿಲ ಹತ್ತಿರ ಬದಿಗೆ ನಿಲ್ಲಿ. ಕಿರೀಟ, ಭುಜಕೀರ್ತಿ, ಗೆಜ್ಜೆ ಯಾವುದನ್ನೂ ಮುಟ್ಟಬೇಡಿ, ದಾಟಬೇಡಿ. ಚೌಕಿಪೂಜೆಯ ಆರತಿ ತಟ್ಟೆಗೆ ಹತ್ತೋ ಇಪ್ಪತ್ತೋ ಹಾಕಿ ಪ್ರಸಾದ ತಗೊಳ್ಳಿ.

ತೆಂಕಿನ (ಕರಾವಳಿಯ ದಕ್ಷಿಣದ ಶೈಲಿ, ಕಟೀಲಿನದ್ದು ಅದೇ) ಬಣ್ಣದ ವೇಷಕ್ಕೆ, ಅಂದರೆ ರಾಕ್ಷಸ ಪಾತ್ರಕ್ಕೆ, ಮುಖದ ಮೇಲೆ ಚುಟ್ಟಿ ಇಡುತ್ತಾರೆ. ಅಕ್ಕಿಹಿಟ್ಟು, ಸುಣ್ಣ ಕಲಸಿದ ಹಿಟ್ಟನ್ನು ಕಡ್ಡಿಯಿಂದ ಚುಕ್ಕಿ ಚುಕ್ಕಿಯಾಗಿ ಏರಿಸುತ್ತಾ ಹೋಗುವುದು. ಗಂಟೆಗಟ್ಟಲೆ ಕೆಲಸ. ಒಂದು ಪದರ ಒಣಗದೆ ಇನ್ನೊಂದು ಇಟ್ಟರೆ ಕುಸಿಯುತ್ತದೆ, ಮುಖದ ಸ್ನಾಯು ಅಲುಗಿದರೆ ಬಿರುಕು ಬಿಡುತ್ತದೆ. ಅದಕ್ಕೇ ಚುಟ್ಟಿ ಇಡುತ್ತಿರುವವರನ್ನು ಮಾತಾಡಿಸಬಾರದು. ಉತ್ತರ ಬರದಿದ್ದರೆ ಗರ್ವ ಅಂದುಕೊಳ್ಳಬೇಡಿ. ಪುಂಡುವೇಷದವರು (ತರುಣ ವೀರರ ಪಾತ್ರ), ಹಾಸ್ಯಗಾರರು ಬಿಡುವಾಗಿದ್ದರೆ ಅವರೇ ಮಾತಾಡಿಸುತ್ತಾರೆ. ಹೋಗಲು ಒಳ್ಳೆಯ ಸಮಯ ಒಂಬತ್ತರಿಂದ ಹತ್ತೂವರೆ. ಎರಡು ಗಂಟೆ ಮೇಲೆ ಬೇಡ, ಪಾತ್ರ ಮುಗಿದವರು ಅಲ್ಲೇ ಮಲಗಿರುತ್ತಾರೆ.

ತುಳು ಬಗ್ಗೆ: ಶ್ರೀದೇವಿ ಮಹಾತ್ಮೆ ಕನ್ನಡದ್ದೇ. ಹಾಸ್ಯಗಾರರ ಮಾತಿನಲ್ಲಿ ಅಲ್ಲಲ್ಲಿ ತುಳು ಬಂದೀತು, ಪಕ್ಕದ ಅಜ್ಜಿ ಇದ್ದಾರಲ್ಲ. ಪೂರ್ತಿ ತುಳು ಪ್ರಸಂಗಗಳೂ ಇವೆ, ಪತ್ರಿಕೆಯ ಪಟ್ಟಿಯಲ್ಲಿ ಹೆಸರು ನೋಡಿದರೆ ಗೊತ್ತಾಗುತ್ತದೆ.

ಮಾರ್ಕೆಟ್_ಬಸ್ · ಸಂಜೆ 6:05

ಬೆಂಗಳೂರಿನಿಂದ ಓದುತ್ತಿರುವವರಿಗೆ ಒಂದು ಮಾತು. ಪತ್ತನಾಜೆ, ಅಂದರೆ ಮೇ 24–25ರ ಹೊತ್ತಿಗೆ ಕರಾವಳಿಯಲ್ಲಿ ಮೇಳಗಳ ತಿರುಗಾಟ ನಿಲ್ಲುತ್ತದೆ. ಮಳೆಗಾಲದಲ್ಲಿ ಡೇರೆ ಮೇಳಗಳ ಕಲಾವಿದರು ಬೆಂಗಳೂರಿಗೆ ಬರುತ್ತಾರೆ, ರವೀಂದ್ರ ಕಲಾಕ್ಷೇತ್ರದಲ್ಲಿ ಶನಿವಾರ ರಾತ್ರಿ ಹತ್ತರ ಮೇಲೆ ಬೆಳಗಿನ ತನಕ ಆಟ, ಎಷ್ಟೋ ಸಲ ಒಂದೇ ರಾತ್ರಿ ಮೂರು ಪ್ರಸಂಗ. ಒಬ್ಬರೇ ಹೋಗುವವರಿಗೆ ಇದು ಗದ್ದೆಗಿಂತ ಸುಲಭ: ಸೂರು ಇದೆ, ಶೌಚಾಲಯ ಇದೆ. ಒಂದೇ ಟಿಕೆಟ್ ಬೇಕಾದವರಿಗೆ ಕೊನೆ ಗಳಿಗೆಯಲ್ಲೂ ಎಲ್ಲೋ ಒಂದು ಬಿಡಿ ಸೀಟು ಸಿಗುತ್ತದೆ, ನಾಲ್ಕು ಜನ ಒಟ್ಟಿಗೆ ಬಂದವರೇ ಪರದಾಡುವುದು. ತೊಂದರೆ ಬೆಳಗ್ಗೆ. ಭಾನುವಾರ ಮೆಟ್ರೋ ಶುರುವಾಗುವುದು ಏಳಕ್ಕೆ. ಆಟ ಐದೂವರೆಗೇ ಮುಗಿದರೆ ಮಾರ್ಕೆಟ್ ಬಸ್ ನಿಲ್ದಾಣದ ತನಕ ಜನರ ಗುಂಪಿನ ಜೊತೆಗೇ ನಡೆಯಿರಿ, ಅರ್ಧ ಗಂಟೆ ಬಿಟ್ಟು ಹೊರಟರೆ ಆ ರಸ್ತೆಯಲ್ಲಿ ಒಬ್ಬರೇ ಆಗುತ್ತೀರಿ.

ನಿಶಾಚರಿ · ಸಂಜೆ 6:30

ಇಡೀ ರಾತ್ರಿ ಆಗದವರಿಗೆ ತಾಳಮದ್ದಳೆ ಇದೆ. ವೇಷ, ಕುಣಿತ ಇಲ್ಲ, ಭಾಗವತರ ಪದ ಮತ್ತು ಕೂತು ಹೇಳುವ ಅರ್ಥ. ಮಳೆಗಾಲದಲ್ಲಿ ಹೆಚ್ಚು, ಸಭಾಂಗಣದಲ್ಲೋ ದೇವಸ್ಥಾನದಲ್ಲೋ ಮೂರು ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ. ಉಡುಪಿ ಕೃಷ್ಣಮಠದ ರಾಜಾಂಗಣದಲ್ಲಿ ಕಾಲಮಿತಿಯ ಆಟ, ತಾಳಮದ್ದಳೆ ಎರಡೂ ಆಗುತ್ತಿರುತ್ತವೆ, ಮಣಿಪಾಲದಿಂದ ಬಸ್ಸಿಗೆ ಹತ್ತಿರ. ಆದರೆ ಕಥೆ ಗೊತ್ತಿಲ್ಲದೆ ತಾಳಮದ್ದಳೆಗೆ ಹೋದರೆ ಮೊದಲ ಅರ್ಧ ಗಂಟೆಯಲ್ಲೇ ಕಳೆದುಹೋಗುತ್ತೀರಿ, ಯಾರು ಯಾವ ಪಾತ್ರ ಅಂತ ಹೇಳಲು ಮುಖದ ಬಣ್ಣ ಇರುವುದಿಲ್ಲವಲ್ಲ.

ದಾವಣಗೆರೆ_ಮಿರ್ಚಿ · ರಾತ್ರಿ 9:03

ಕಾಗದದ ನಂಬರಿಗೆ ಫೋನ್ ಮಾಡಿದೆ. ಬೆಳಗಿನ ತನಕ ಅಂದರು, ಊಟಕ್ಕೆ ಬನ್ನಿ ಅಂತಲೂ ಅಂದರು. ಕೊನೇ ಪ್ರಶ್ನೆ: ನಡುವೆ ಸಾಕು ಅನ್ನಿಸಿದರೆ ಎದ್ದು ಬರುವುದು ಅಪಚಾರವಾ?

ಗದ್ದೆಬದು · ರಾತ್ರಿ 9:17

ಅಪಚಾರ ಏನಿಲ್ಲ, ಅರ್ಧಕ್ಕರ್ಧ ಜನ ಮಹಿಷಾಸುರ ನೋಡಿ ಎದ್ದು ಹೋಗುತ್ತಾರೆ. ಅಷ್ಟು ಹೊತ್ತಿಗೆ ಮುಂದಿನ ಸಾಲುಗಳು ಖಾಲಿಯಾಗುತ್ತವೆ, ನೀವು ಅಲ್ಲಿಗೆ ಹೋಗಿ ಕೂರಬಹುದು. ಆದರೆ ಬಸ್ಸಿನಲ್ಲಿ ಹೋದವರಿಗೆ ಒಂದೂವರೆಗೆ ಹೊರಡುವ ದಾರಿ ಇಲ್ಲ. ಯಾವುದಕ್ಕೂ ಆ ಊರಿನ ಒಬ್ಬ ರಿಕ್ಷಾದವರ ನಂಬರ್ ಸಂಜೆಯೇ ತಗೊಂಡಿಡಿ, ಹರಕೆ ಮನೆಯವರೇ ಕೊಡುತ್ತಾರೆ. 18 ಕಿ.ಮೀ.ಗೆ ರಾತ್ರಿ ಬಾಡಿಗೆ ಎಷ್ಟು ಅಂತ ಆಗಲೇ ಮಾತಾಡಿ, ಹತ್ತುವಾಗ ಅಲ್ಲ.